ಸೋತವರ ಪದ್ಯ

“ಶಿಕಮೋ, ಮ್ಝೇ,” ಎಂದು ಕಾವಲುಗಾರ ತುಮೈನಿ ಟೋಪಿ ತೆಗೆದು, ತಲೆ ಬಾಗಿಸಿ, ಇಬ್ಬರು ಮುದುಕರಿಗೂ ಬೇರೆ ಬೇರೆಯಾಗಿ, ಹಿರಿಯರಿಗೆ ಸಲ್ಲುವ ನಮಸ್ಕಾರ ಹೇಳಿದ.

“ಮರಹಬಾ, ಮಗನೇ,” ಎಂದ ಮಕಾಮೆ.

“ಒಳಗೆ ಬಿಡೋಕಾಗಲ್ಲ, ಮ್ಝೇ.”

ಗೌರವವೂ ಆಯಿತು, ಬಾಗಿಲೂ ಮುಚ್ಚಿತು. ಮಕಾಮೆ ಗೆಳೆಯ ಹತೀಬುವಿನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ಬೇಲಿಯಾಚೆ ನೋಡಿದ. ಪೂರ್ವ ಆಫ್ರಿಕಾದ ಟಾಂಗಾ ಊರಿನ ಕಡಲ ದಂಡೆಯ ಆ ತೋಟ ಮೂರು ತಿಂಗಳು ಮುಚ್ಚಿದ್ದು ಇಂದು ತೆರೆದಿತ್ತು. ಹಳದಿ ಜಾರುಬಂಡೆ, ಕೆಂಪು ಉಯ್ಯಾಲೆ, ಸುತ್ತ ಎದೆಯೆತ್ತರದ ಹೊಸ ಕಬ್ಬಿಣದ ಬೇಲಿ. ಎಲ್ಲ ಹೊಸತರ ನಡುವೆ ಹಳೆಯ ಕಾಡುಬಾದಾಮಿ ಮರ ಮಾತ್ರ ಹಾಗೇ ನಿಂತಿತ್ತು. ಅದರ ಬುಡದಲ್ಲಿ ಕಲ್ಲಿನ ಜಗಲಿ, ಜಗಲಿಯ ಮೇಲೆ ಯಾವ ಕಾಲದಲ್ಲೋ ಯಾರೋ ಕೊರೆದ ಬಾವೊ ಆಟದ ಗುಳಿಗಳು. ಸಾಲಿಗೆ ಎಂಟು, ನಾಲ್ಕು ಸಾಲು.

“ಬೋರ್ಡು ಓದಿ ಮ್ಝೇ,” ಎಂದ ತುಮೈನಿ. “ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಮಾತ್ರ. ದೊಡ್ಡೋರು ಮಗು ಜೊತೆಗಿದ್ರೆ ಮಾತ್ರ.”

“ಆ ಕಲ್ಲಿನ ಮೇಲೆ ನಾವಿಬ್ರೂ ಕೂರೋಕೆ ಶುರು ಮಾಡಿದಾಗ ನೀನಿನ್ನೂ ಹುಟ್ಟೇ ಇರ್ಲಿಲ್ಲ.”

“ಇರಬಹುದು. ಆದ್ರೆ ಆಚೆ ಬೀದಿ ತೋಟದಲ್ಲಿ ಕುಡ್ಕೊಂಡು ಬಂದ ಗಂಡಸ್ರು ಮಕ್ಕಳನ್ನ ಹೆದರ್ಸಿದ್ರು. ತಾಯಂದ್ರು ಹೋಗಿ ನಗರಸಭೇಲಿ ಅತ್ರು. ಈ ಬೋರ್ಡು ಹಾಕಿದ್ದು ಅಂಥೋರಿಗೆ, ನಿಮಗಲ್ಲ. ಆದ್ರೆ ಬೋರ್ಡಿಗೇನು ಕಣ್ಣಿರುತ್ತಾ?”

ಹುಡುಗ ಹೇಳುತ್ತಿದ್ದುದರಲ್ಲಿ ಸುಳ್ಳೇನೂ ಇರಲಿಲ್ಲ. ಪಕ್ಕದಲ್ಲಿ ಹತೀಬು ನಿಂತಿದ್ದ. ಅವನ ಎಡಗೈಯ ಬೆರಳುಗಳು ಬೇಲಿಯ ಸರಳುಗಳನ್ನು ಒಂದೊಂದಾಗಿ ಸವರುತ್ತಿದ್ದವು.

ಹತೀಬುವಿನ ಮಾತು ನಿಂತು ಹನ್ನೊಂದು ತಿಂಗಳಾಗಿತ್ತು.

ಆ ಊರಿನಲ್ಲಿ ಮದುವೆ, ಪ್ರವಾದಿ ಜಯಂತಿಯ ಮೌಲೂದು, ಹಡಗು ನೀರಿಗಿಳಿಸುವ ದಿನ, ಯಾವುದಿದ್ದರೂ ಪದ್ಯ ಹೇಳಲು ಕರೆಯುತ್ತಿದ್ದದ್ದು ಹತೀಬುವನ್ನೇ. ಅವನು ಕಣ್ಣು ಮುಚ್ಚಿ ಮೊದಲ ಸಾಲು ಎತ್ತಿದನೆಂದರೆ ಅಡುಗೆಮನೆಯ ಹೆಂಗಸರು ಸೌಟು ಕೆಳಗಿಡುತ್ತಿದ್ದರು. ಮಕಾಮೆ ಹಾಯಿ ಹೊಲಿಯುವವನು. ಅವನಿಗೆ ಪದ್ಯ ಕಟ್ಟಲು ಬರುತ್ತಿರಲಿಲ್ಲ, ಕೇಳಲು ಬರುತ್ತಿತ್ತು. ಪದ್ಯದಲ್ಲಿ ಸಾಲಿಗೆ ಎಂಟು ಅಕ್ಷರ, ನಾಲ್ಕು ಸಾಲು. ಒಂದಕ್ಷರ ಕಮ್ಮಿಯಾದರೆ ಸಾಕು, ಸೂಜಿ ಹಿಡಿದ ಅವನ ಕೈ ತಾನಾಗಿಯೇ ನಿಲ್ಲುತ್ತಿತ್ತು. “ನಮ್ಮ ಪದ್ಯ ಕಟ್ಟಿದ ಮೊದಲನೇ ಮನುಷ್ಯ ಬಾವೊ ಆಡೋನೇ ಇರಬೇಕು ಕಣೋ,” ಎಂದು ಹತೀಬು ಕಲ್ಲಿನ ಗುಳಿಗಳನ್ನು ತೋರಿಸಿ ನಗುತ್ತಿದ್ದ. “ಇಲ್ಲೂ ಎಂಟು, ಅಲ್ಲೂ ಎಂಟು. ಇಲ್ಲೂ ನಾಲ್ಕು, ಅಲ್ಲೂ ನಾಲ್ಕು.”

ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದು ಕೂತರೆ ಮುಸ್ಸಂಜೆಯ ಮಗ್ರಿಬ್‌ವರೆಗೂ ಆಟ. ಗಜ್ಜುಗದ ಕಾಯಿಗಳನ್ನು ಗುಳಿಗೊಂದರಂತೆ ಬಿತ್ತುತ್ತ ಹೋಗುವುದು, ಎದುರಾಳಿಯ ಗುಳಿಯಲ್ಲಿದ್ದುದನ್ನು ತಿನ್ನುವುದು. ಅವರಿಬ್ಬರಿಗೇ ಅಂತ ಒಂದು ಕಟ್ಟಳೆಯಿತ್ತು: ಸೋತವನು ಗೆದ್ದವನ ಮೇಲೆ ಒಂದು ಪದ್ಯ ಹೇಳಬೇಕು, ಅಲ್ಲೇ, ಆಗಲೇ. ಹೇಳದೆ ಎದ್ದರೆ ಮರುದಿನ ಆಟವಿಲ್ಲ.

ಲಕ್ವ ಹೊಡೆದು ಕಾಯಿಲೆ ಬಿದ್ದಾಗ ಹತೀಬುವಿನ ಬಲಗೈ ಹೋಯಿತು, ನಾಲಿಗೆ ಹೋಯಿತು. ಮೊದಲೇ ಮಂಜಾಗಿದ್ದ ಕಣ್ಣುಗಳು ಇನ್ನಷ್ಟು ಮಂಜಾದವು. ಆದರೆ ಮಕಾಮೆ ಅವನನ್ನು ಎತ್ತಿ ತಂದು ಆ ಕಲ್ಲಿನ ಮುಂದೆ ಕೂರಿಸಿದ ದಿನ ಎಡಗೈ ಗುಳಿಗಳನ್ನು ಹುಡುಕಿಕೊಂಡಿತು. ತನ್ನ ಸಾಲುಗಳನ್ನು ಹತೀಬು ಬೆರಳಿನಿಂದ ಎಣಿಸುತ್ತಿದ್ದ; ಎದುರಿನ ಸಾಲುಗಳಲ್ಲಿ ಏನಿದೆಯೆಂದು ಮಕಾಮೆ ಬಾಯಲ್ಲಿ ಹೇಳುತ್ತಿದ್ದ, ಹತೀಬು ತಿಂದ ಕಾಯಿಗಳನ್ನೂ ತಾನೇ ಎತ್ತಿ ಅವನ ಕೈಗೆ ಕೊಡುತ್ತಿದ್ದ. ಆಡುವಾಗ ಹತೀಬು ಹತೀಬುವೇ ಆಗಿರುತ್ತಿದ್ದ. ಆ ಹೊತ್ತಿನ ಆಸೆಗೆ ಬೆಳಿಗ್ಗೆ ಎದ್ದು ಮುಖ ತೊಳೆಯುತ್ತಿದ್ದ, ಗಂಜಿ ಕುಡಿಯುತ್ತಿದ್ದ.

ಅಂದಿನಿಂದ ಮಕಾಮೆ ಒಂದು ಕೆಲಸ ಶುರುಮಾಡಿದ್ದ. ದಿನಾ ಸೋಲುತ್ತಿದ್ದ. ಗೆಳೆಯ ಸೋತರೆ ಅವನು ಪದ್ಯ ಹೇಳಬೇಕಲ್ಲ, ಯಾವ ನಾಲಿಗೆಯಿಂದ ಹೇಳುತ್ತಾನೆ? ಹಾಗಾಗಿ ತಿನ್ನಬಹುದಾದ ಕಾಯಿಯನ್ನು ತಿನ್ನದೆ ಬಿಟ್ಟು, ಸೋತು, ತನ್ನ ಮೊಂಡ ಬುದ್ಧಿಯಿಂದ ತೆಂಗಿನಕಾಯಿ, ಬಂಗಡೆ ಮೀನು, ಹರಿದ ಹಾಯಿ ಎಂದು ಏನೇನೋ ಸೇರಿಸಿ ಪದ್ಯ ಹೊಲಿಯುತ್ತಿದ್ದ. ಅದನ್ನು ಕೇಳಿ ಹತೀಬುವಿನ ಅರ್ಧ ಬಾಯಿ ನಗುತ್ತಿತ್ತು. ಆ ಅರ್ಧ ನಗೆಗಾಗಿ ಮಕಾಮೆ ಇನ್ನೂ ನೂರು ಸಲ ಸೋಲಲು ತಯಾರಿದ್ದ.

ತೋಟ ಮುಚ್ಚಿದ್ದ ಮೂರು ತಿಂಗಳು ಮನೆಯಲ್ಲೇ ಮರದ ಮಣೆಯ ಮೇಲೆ ಆಡಿಸಲು ನೋಡಿದ. ಆ ಗುಳಿಗಳು ಹತೀಬುವಿನ ಬೆರಳಿಗೆ ಪರಿಚಯವಿಲ್ಲ. ಕಾಯಿಗಳು ನೆಲಕ್ಕುರುಳಿದವು. ಎರಡನೇ ದಿನ ಅವನು ಮಣೆಯನ್ನು ಮೊಣಕೈಯಿಂದ ತಳ್ಳಿ ಗೋಡೆ ಕಡೆ ತಿರುಗಿದ. ಆಮೇಲೆ ಮುಖ ತೊಳೆಯುವುದನ್ನೂ ಬಿಟ್ಟ. ಹತೀಬುವಿನ ಮಗಳು ಮಕಾಮೆಯನ್ನು ಬಾಗಿಲ ಬಳಿ ಕರೆದು, “ಚಿಕ್ಕಪ್ಪ, ಆ ಕಲ್ಲು ಮತ್ತೆ ಸಿಗದಿದ್ರೆ ನಮ್ಮಪ್ಪ ಈ ವರ್ಷ ದಾಟಲ್ಲ,” ಎಂದಿದ್ದಳು.

ಈಗ ಕಲ್ಲು ಕಣ್ಣೆದುರಿಗೇ ಇತ್ತು, ಮೂವತ್ತು ಹೆಜ್ಜೆ ದೂರದಲ್ಲಿ.

“ಮಗು ಇದ್ರೆ ಬಿಡ್ತೀಯಲ್ಲ?” ಎಂದು ಕೇಳಿದ ಮಕಾಮೆ.

“ಮಗು ಇದ್ರೆ ನಾನ್ಯಾರು ತಡೆಯೋಕೆ?”

ಮಕ್ಕಳಿಲ್ಲದ ಮಕಾಮೆ ಮಗು ಹುಡುಕಿಕೊಂಡು ಹೊರಟದ್ದು ಬೀ ಹಿದಾಯಾಳ ಒಲೆಯ ಹತ್ತಿರಕ್ಕೆ. ಬೀದಿಯ ತಿರುವಿನಲ್ಲಿ ಗುಳಿ ಕಾವಲಿಯಿಟ್ಟು ಅಕ್ಕಿ, ತೆಂಗಿನ ಹಾಲಿನ ವಿತುಂಬುವಾ ಎಂಬ ಪಡ್ಡು ಸುಡುವ ಹೆಂಗಸು. ಅವಳ ನಾಲಿಗೆ ಆ ಕಾವಲಿಗಿಂತ ಬಿಸಿ.

“ಹಿದಾಯಾ, ಒಂದು ಉಪಕಾರ. ನಿನ್ನ ಮೊಮ್ಮಗಳನ್ನ ಸಂಜೆ ಹೊತ್ತು ಕೊಡ್ತೀಯಾ?”

“ಎಪ್ಪತ್ತೆರಡನೇ ವಯಸ್ಸಲ್ಲಿ ಆಡೋಕೆ ಜೊತೆ ಬೇಕಾಯ್ತಾ?” ಎಂದು ಅವಳು ಕಡ್ಡಿಯಿಂದ ವಿತುಂಬುವಾ ತಿರುವಿದಳು. “ಮದುವೆ ಮಾಡ್ಕೋ ಅಂತ ಬಡ್ಕೊಂಡಾಗ, ಹಾಯಿ ಹೊಲಿದು ಮುಗಿಸ್ತೀನಿ ಅಂದೆ. ಹಾಯಿ ಮುಗೀತಾ?”

“ತಮಾಷೆ ಸಾಕು. ಹತೀಬುಗೋಸ್ಕರ.”

ಬೀ ಹಿದಾಯಾ ಬೇಲಿಯ ಕಥೆಯನ್ನೆಲ್ಲ ಕೇಳಿಸಿಕೊಂಡಳು. ಹತೀಬು ಅವಳ ಮದುವೆಯಲ್ಲೂ ಪದ್ಯ ಹೇಳಿದ್ದ. “ಸುಬೀರಾ!” ಎಂದು ಒಳಕ್ಕೆ ಕೂಗಿದಳು. “ಕಾವಲೀಲಿ ಕಲ್ಲು ಹಾಕ್ಕೊಂಡು ಕೂತಿದ್ದು ಸಾಕು, ಬಾರೇ. ಈ ಹುಡುಗಿ ನನ್ನ ಹಳೇ ಕಾವಲೀಲಿ ಬೆಣಚುಕಲ್ಲು ಇಟ್ಕೊಂಡು ಏನೋ ಆಡ್ತಾಳೆ, ಮಕಾಮೆ. ಮೊನ್ನೆ ಗಿರಾಕಿ ಹಲ್ಲಿಗೆ ಕಲ್ಲು ಸಿಕ್ತು.”

ಒಳಗಿನಿಂದ ಹತ್ತು ವರ್ಷದ ಹುಡುಗಿ ಬಂದಳು. ಮೊಣಕಾಲಲ್ಲಿ ಗಾಯದ ಗುರುತು, ಮುಷ್ಟಿಯಲ್ಲಿ ಕಲ್ಲು.

“ಶಿಕಮೋ, ತಾತ.”

“ಮರಹಬಾ. ಉಯ್ಯಾಲೆ ಆಡೋಕೆ ಬರ್ತೀಯೇನಮ್ಮಾ?”

“ಉಯ್ಯಾಲೆ ಚಿಕ್ಕ ಮಕ್ಕಳಿಗೆ,” ಎಂದಳು ಸುಬೀರಾ. ಆದರೂ ಚಪ್ಪಲಿ ಹಾಕಿಕೊಂಡಳು.

ಹಾಗೆ ಅವರು ಒಳಗೆ ಹೋದರು. ಹತೀಬುವಿನ ಎಡಗೈ ಕಲ್ಲನ್ನು ಮುಟ್ಟಿದಾಗ ಅವನ ಮುಖದಲ್ಲಿ ಆದದ್ದನ್ನು ಮಕಾಮೆ ನೋಡಿ, ಮನಸ್ಸಿನಲ್ಲೇ ಅಲ್ಲಾಹನಿಗೆ ಶುಕ್ರ್ ಹೇಳಿದ.

ಸುಬೀರಾ ಮಾತ್ರ ಜಗಲಿಯ ಅಂಚಿಗೆ ಬಂದು ಕೂತಳು.

“ಹೋಗಮ್ಮಾ, ಜಾರುಬಂಡೆ ಹತ್ತು.”

“ನೋಡ್ತೀನಿ ತಾತ.”

“ಇದು ಗಂಡಸರ ಆಟ. ಹೆಣ್ಣುಮಕ್ಕಳು ಈ ಕಲ್ಲಿನ ಹತ್ರ ಕೂತಿದ್ದು ಯಾವತ್ತೂ ಇಲ್ಲ.”

“ಯಾಕೆ?”

“ಯಾಕೆ ಅಂದ್ರೆ... ಇಲ್ಲ ಅಷ್ಟೆ.”

ಅಷ್ಟರಲ್ಲಿ ತುಮೈನಿ ಬಂದ. “ಮ್ಝೇ, ಕರ್ಕೊಂಡು ಬಂದ ಮಗು ಆಡ್ಬೇಕು. ಬಸ್ ಟಿಕೆಟ್ ಥರ ತೋರಿಸಿ ಮೂಲೇಲಿ ಕೂರಿಸೋದಲ್ಲ. ಮೇಲಿನೋರು ಬಂದ್ರೆ ನನ್ನ ಕೆಲಸಕ್ಕೇ ಕುತ್ತು ಬರುತ್ತೆ.”

ಸುಬೀರಾ ಎದ್ದಳು, ಜಾರುಬಂಡೆ ಹತ್ತಿದಳು, ಬಟ್ಟೆಯ ಗಂಟು ಉರುಳಿದ ಹಾಗೆ ಒಮ್ಮೆ ಜಾರಿದಳು, ಬಂದು ಮತ್ತೆ ಕೂತಳು. “ಆಡಿದೆ,” ಎಂದಳು.

ಹೀಗೆ ಎಂಟು ದಿನ ನಡೆಯಿತು. ಗೇಟಿನಲ್ಲಿ ತುಮೈನಿ ದಿನಾ “ವಯಸ್ಸೆಷ್ಟು?” ಎಂದು ಕೇಳುವುದು, ಅವಳು “ನಿನ್ನೆಗಿಂತ ಒಂದಿನ ಜಾಸ್ತಿ” ಎನ್ನುವುದು. ಒಂದು ಸಲ ಜಾರುವುದು, ಆಮೇಲೆ ಕಲ್ಲಿಗೆ ಒಂದು ಗೇಣು ಹತ್ತಿರ ಸರಿಯುವುದು. ಮಕಾಮೆ ಎರಡು ಸಲ ಗದರಿಸಿದ, ಆಮೇಲೆ ಬಿಟ್ಟ.

ಒಂಬತ್ತನೇ ಸಂಜೆ. ಆಟ ಕೊನೆಗೆ ಬಂದಿತ್ತು. ಹತೀಬು ಎಡವಿದ್ದ. ಅವನ ಮುಂದಿನ ಸಾಲಿನಲ್ಲಿ ಕಾಯಿ ತುಂಬಿದ ಒಂದೇ ಗುಳಿ ಉಳಿದಿತ್ತು, ಮಕಾಮೆ ಒಂದು ಕೈ ಎತ್ತಿದರೆ ಅದೂ ಹೋಗಿ ಆಟವೇ ಮುಗಿಯುತ್ತಿತ್ತು. ಮಕಾಮೆ ಆ ಗುಳಿಯನ್ನು ಬಿಟ್ಟು ಹಿಂದಿನ ಸಾಲಿಗೆ ಕೈ ಹಾಕಿದ. “ಎರಡನೇ ಗುಳಿಯಿಂದ ಮೂರು ಕಾಯಿ. ಬೇರೆ ದಾರಿ ಇಲ್ಲಪ್ಪ ನಂಗೆ,” ಎಂದ.

“ಇದೆಯಲ್ಲ ತಾತ!” ಎಂದಳು ಸುಬೀರಾ. “ಐದನೇ ಗುಳಿಯಿಂದ ಎತ್ತಿದ್ರೆ ಅವರ ಏಳು ಕಾಯೀನೂ ತಿನ್ಬಹುದು. ನೀವೇ ಗೆಲ್ತೀರಿ. ದಿನಾ ಹೀಗೇ ಬಿಡ್ತೀರಲ್ಲ, ಕಾಣ್ಸಲ್ವಾ ನಿಮಗೆ?”

ಮಕಾಮೆಯ ಕೈ ಗಾಳಿಯಲ್ಲೇ ನಿಂತಿತು.

ಹತೀಬು ತಲೆ ಎತ್ತಿದ. ಆಮೇಲೆ ಎಡಗೈಯನ್ನು ಮುಂದೆ ಚಾಚಿದ, ಮಕಾಮೆಯ ಸಾಲಿಗೆ. ಹನ್ನೊಂದು ತಿಂಗಳಲ್ಲಿ ಅವನು ಗೆಳೆಯನ ಗುಳಿಗಳನ್ನು ಮುಟ್ಟಿ ನೋಡಿರಲಿಲ್ಲ, ಬಾಯಿಮಾತನ್ನೇ ನಂಬಿದ್ದ. ಬೆರಳು ಐದನೇ ಗುಳಿಗಿಳಿಯಿತು. ಒಂದು, ಎರಡು, ಮೂರು ಎಂದು ಎಣಿಸಿತು. ತನ್ನ ಕಡೆಗೆ ಬಂದು ಏಳನ್ನೂ ಎಣಿಸಿತು. ಅಷ್ಟೆ. ಕೈಯನ್ನು ಮಡಿಲಿಗೆಳೆದುಕೊಂಡು, ಮರ ಹಿಡಿದು, ಅವನು ತಾನಾಗಿಯೇ ಎದ್ದು ನಿಂತ.

“ಹತೀಬು, ಕೂತ್ಕೋ. ಮಗು ಏನೋ...”

ಹತೀಬು ಕೂರಲಿಲ್ಲ. ಮನೆಯವರೆಗೂ ಮಕಾಮೆಯ ತೋಳನ್ನು ಹಿಡಿಯಲಿಲ್ಲ. ಗೋಡೆ ಸವರಿಕೊಂಡು ನಡೆದ.

ಮರುದಿನ ಅವನು ಏಳಲಿಲ್ಲ. ಅದರ ಮರುದಿನವೂ ಇಲ್ಲ. ಗಂಜಿ ಬಟ್ಟಲು ತುಂಬಿದ ಹಾಗೇ ಹೊರಗೆ ಬಂತು. ಮಕಾಮೆ ಮಂಚದ ಪಕ್ಕ ಕೂತು, “ನೀನು ಪದ್ಯ ಹೇಳೋ ಕಷ್ಟ ಬೇಡ ಅಂತ ಸೋತೆ ಕಣೋ, ಇನ್ಯಾಕೆ?” ಎಂದು ಎಷ್ಟೋ ಸಲ ಹೇಳಿದ. ಗೋಡೆಯ ಕಡೆ ತಿರುಗಿದ್ದ ಬೆನ್ನು ಅಲುಗಲಿಲ್ಲ. ಬಾಯಿದ್ದಾಗ ಹತೀಬು ಬೈದು ಮುಗಿಸಿಬಿಡುತ್ತಿದ್ದ. ಬೈಗುಳವೂ ಪದ್ಯದಲ್ಲೇ ಬರುತ್ತಿತ್ತು. ಈಗ ಬೈಯುವುದಕ್ಕೂ ಅವನಿಗಿದ್ದದ್ದು ಆ ಬೆನ್ನೊಂದೇ.

ಮೂರನೇ ದಿನ ಅಸರ್ ಮುಗಿದ ಮೇಲೆ ಮಕಾಮೆ ಗೆಳೆಯನ ಮನೆಯ ಹೊಸ್ತಿಲ ಮೇಲೆ ಕೂತಿದ್ದ. ಒಳಗೆ ಹೋಗಲು ಮುಖವಿಲ್ಲ, ಎದ್ದು ಹೋಗಲು ಮನಸ್ಸಿಲ್ಲ. ಸುಬೀರಾ ಬೀದಿಯಲ್ಲಿ ಬರುತ್ತಿದ್ದಳು. ತಲೆಯ ಮೇಲೆ ಮಸಿ ಹಿಡಿದ ಕಾವಲಿ.

“ತಾತ, ನಾನು ಸುಳ್ಳು ಹೇಳಿದ್ನಾ?” ಎಂದು ಅವಳು ಎದುರು ನಿಂತು ಕೇಳಿದಳು.

“ಇಲ್ಲ.”

“ಅಜ್ಜಿ ಬೈದ್ಳು. ದೊಡ್ಡೋರ ಆಟದಲ್ಲಿ ಬಾಯಿ ಹಾಕ್ಬಾರ್ದು ಅಂತ.”

“ಸುಳ್ಳು ಹೇಳಿದ್ದು ನಾನು,” ಎಂದ ಮಕಾಮೆ. ಅದನ್ನು ಹೇಳಿದ ಮೇಲೆ ಅವನಿಗೆ ಉಸಿರು ಸ್ವಲ್ಪ ಸಲೀಸಾಯಿತು. “ಆ ಕಾವಲಿ ಯಾಕೆ?”

ಅವಳು ಅವನನ್ನು ದಾಟಿ ಒಳಗೆ ಹೋದಳು. ಮಕಾಮೆ ಬಾಗಿಲಿನಿಂದಲೇ ನೋಡಿದ. ಸುಬೀರಾ ಕಾವಲಿಯನ್ನು ಮಂಚದ ಮೇಲೆ, ಹತೀಬುವಿನ ಬೆನ್ನಿಗೆ ತಾಗುವಂತೆ ಇಟ್ಟಳು. “ಶಿಕಮೋ, ತಾತ. ಇದರಲ್ಲಿ ಬರೀ ಹನ್ನೆರಡು ಗುಳಿ. ಸಾಲು ಎರಡೇ. ನಂಗೆ ಇಷ್ಟರಲ್ಲೇ ಆಡಿ ಗೊತ್ತು. ನೀವು ಆಡಿ ತೋರಿಸ್ತೀರಾ? ನಾನಂತೂ ಬಿಟ್ಟುಕೊಡಲ್ಲ.”

ಆ ಬೆನ್ನು ಮೆಲ್ಲನೆ ಹೊರಳಿತು. ಎಡಗೈ ಕಾವಲಿಯ ಮೇಲೆ ಬಂದಿತು. ಬೆರಳುಗಳು ಎಣ್ಣೆ ಜಿಡ್ಡಿನ ಗುಳಿಗಳಲ್ಲಿ ಇಳಿದು, ಬೆಣಚುಕಲ್ಲು ಎಣಿಸಿ, ಸಾಲಿನ ಕೊನೆಗೆ ಬಂದು, ಮುಂದಿನ ಗುಳಿಗಾಗಿ ತಡಕಾಡಿ, ಕಾವಲಿಯ ಹಿಡಿಯನ್ನು ಹಿಡಿದವು. ಹತೀಬುವಿನ ಗಂಟಲಿನಿಂದ ಒಂದು ಸದ್ದು ಬಂತು. ಮಕಾಮೆಗೆ ಗಾಬರಿಯಾಯಿತು, ಆಮೇಲೆ ತಿಳಿಯಿತು, ಅದು ನಗು.

ಹತೀಬು ಕಾಲು ಕೆಳಗಿಳಿಸಿ, ಮಸಿ ಹತ್ತಿದ ಕೈಯಿಂದ ತನ್ನ ಬಿಳಿ ಟೋಪಿಯನ್ನು ಹುಡುಕಿದ.

ತೋಟದ ಬಾಗಿಲಲ್ಲಿ ತುಮೈನಿ ಎದ್ದು ನಿಂತ. “ಎರಡು ದಿನ ಕಾಣ್ಸಲಿಲ್ಲ, ಮ್ಝೇ. ನಂಗೂ ಏನೋ ಥರ ಆಯ್ತು.” ಆಮೇಲೆ ಹುಡುಗಿಯ ಕಡೆ ತಿರುಗಿ, “ವಯಸ್ಸೆಷ್ಟು?”

“ಹನ್ನೆರಡಾಗೋಕೆ ಇನ್ನೂ ಎರಡು ರಂಜಾನ್ ಇದೆ.”

ಮಕಾಮೆ ರೂಢಿಯಂತೆ ಗೆಳೆಯನನ್ನು ಕೂರಿಸಿ, ಎದುರಿಗೆ ತನ್ನ ಜಾಗದಲ್ಲಿ ಕೂರಲು ಬಗ್ಗಿದ. ಹತೀಬುವಿನ ಎಡಗೈ ಅವನ ಎದೆಗೆ ಬಂದು ನಿಂತಿತು. ತಳ್ಳಲಿಲ್ಲ, ತಡೆಯಿತು ಅಷ್ಟೆ. ಆಮೇಲೆ ಅದೇ ಕೈ ಎದುರಿನ ಕಲ್ಲನ್ನು ಎರಡು ಸಲ ತಟ್ಟಿತು. ಸುಬೀರಾ ಇದ್ದ ದಿಕ್ಕಿಗೆ ಬೆರಳು ಮಾಡಿತು.

“ಅವಳಾ?” ಎಂದ ಮಕಾಮೆ. “ಹೆಣ್ಣುಮಗು ಇಲ್ಲಿ...”

ಹನ್ನೊಂದು ದಿನದ ಹಿಂದೆ ಇದೇ ಬೇಲಿಯ ಆಚೆ ತಾವಿಬ್ಬರೂ ನಿಂತಿದ್ದದ್ದು ಅವನಿಗೆ ನೆನಪಾಯಿತು. ತುಮೈನಿಯಾದರೂ ತಡೆಯುವ ಮುಂಚೆ ನಮಸ್ಕಾರ ಹೇಳಿದ್ದ. ತಾನು ಈ ಮಗುವನ್ನು ತಡೆದಾಗ ಅಷ್ಟು ಮರ್ಯಾದೆಯನ್ನೂ ತೋರಿರಲಿಲ್ಲ. ಅವನು ಪಕ್ಕಕ್ಕೆ ಸರಿದ. ತನ್ನ ಹೆಗಲ ವಸ್ತ್ರದಿಂದ ಕಲ್ಲಿನ ಮೇಲಿನ ಒಣಗಿದೆಲೆಗಳನ್ನು ಗುಡಿಸಿ, “ಕೂತ್ಕೋಮ್ಮಾ,” ಎಂದ.

ಆಟ ಶುರುವಾದ ಸ್ವಲ್ಪ ಹೊತ್ತಿಗೆ ತುಮೈನಿ ಬಂದ.

“ಈ ಮಗು ಏನು ಮಾಡ್ತಿದೆ?”

“ಆಡ್ತಿದೆ. ಮಗು ಆಡ್ಬೇಕು ಅಂದಿದ್ದು ನೀನೇ ತಾನೆ?”

“ಮತ್ತೆ ನೀವು?”

“ನಾನಾ? ಮಗೂನ ಕರ್ಕೊಂಡು ಬಂದಿರೋ ದೊಡ್ಡೋನು.”

ತುಮೈನಿ ಬೋರ್ಡಿನ ಕಡೆ ನೋಡಿದ, ಮುದುಕನ ಕಡೆ ನೋಡಿದ, ನಗು ತಡೆಯಲು ಟೋಪಿ ಸರಿಪಡಿಸಿಕೊಂಡ. ಆಮೇಲೆ ಹೋಗಲಿಲ್ಲ, ಅಲ್ಲೇ ಮರಕ್ಕೊರಗಿ ನಿಂತ. “ನಮ್ಮೂರಲ್ಲಿ ನಾವು ನೆಲದಲ್ಲಿ ಗುಳಿ ತೋಡಿ ಆಡ್ತಿದ್ವಿ,” ಎಂದ, ಯಾರಿಗೂ ಅಲ್ಲದ ಹಾಗೆ.

ಸುಬೀರಾ ತನ್ನ ಪ್ರತಿ ಕೈಯನ್ನೂ ಗಟ್ಟಿಯಾಗಿ ಹೇಳಿ ಆಡಿದಳು. “ಮೂರನೇ ಗುಳಿಯಿಂದ ಐದು. ನಿಮ್ಮ ನಾಲ್ಕು ತಿಂದೆ ತಾತ.” ಒಮ್ಮೆ ತಪ್ಪಿ ಎರಡು ಕಾಯಿ ಒಂದೇ ಗುಳಿಗೆ ಹಾಕಿದಾಗ ಹತೀಬುವಿನ ಬೆರಳು ಅವಳ ಮಣಿಕಟ್ಟಿಗೆ ಮೆಲ್ಲಗೆ ಹೊಡೆಯಿತು. ಹತೀಬು ಬೆವರುತ್ತಿದ್ದ. ಮಕಾಮೆ ಅವನನ್ನು ಹಾಗೆ ನೋಡಿ ಎಷ್ಟೋ ಕಾಲವಾಗಿತ್ತು. ತುಟಿ ಕಚ್ಚಿ, ಕಿವಿ ನಿಮಿರಿಸಿ, ಎದುರಾಳಿಗೆ ಹೆದರಿಕೊಂಡು ಆಡುವ ಹತೀಬು. ತನ್ನೊಡನೆ ಅವನಿಗೆ ಹೆದರುವ ಅಗತ್ಯವೇ ಇರಲಿಲ್ಲವಲ್ಲ.

ಸುಬೀರಾ ಗೆದ್ದಳು. ಸ್ವಲ್ಪದರಲ್ಲಿ.

ಅವಳು ಕೈ ತಟ್ಟಿ, ತಟ್ಟನೆ ಸುಮ್ಮನಾದಳು. ಎಂಟು ದಿನ ನೋಡಿದ್ದಳಲ್ಲ, ಸೋತವರು ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು. ಗೆಳೆಯನ ಬದಲು ತಾನೇ ಪದ್ಯ ಹೇಳಿಬಿಡಲೆಂದು ಮಕಾಮೆ ಬಾಯಿ ತೆರೆದ. ಎದೆಗೆ ಅಡ್ಡ ಬಂದಿದ್ದ ಆ ಕೈ ನೆನಪಾಗಿ ಮುಚ್ಚಿದ.

ಹತೀಬು ಗುಳಿಗಳಲ್ಲಿದ್ದ ಕಾಯಿಗಳನ್ನೆಲ್ಲ ಬಾಚಿ ಪಕ್ಕಕ್ಕಿಟ್ಟ. ನಾಲ್ಕು ಸಾಲೂ ಬರಿದಾದವು. ಕಣ್ಣು ಮುಚ್ಚಿದ. ಮೊದಲ ಸಾಲಿನ ಮೊದಲ ಗುಳಿಯಲ್ಲಿ ಬೆರಳಿಟ್ಟ. ಆಮೇಲೆ ಎರಡನೆಯದರಲ್ಲಿ. ಮೂರನೆಯದರಲ್ಲಿ ಕೊಂಚ ತಡೆದ, ದೀರ್ಘ ಎಳೆಯುವವನಂತೆ. ನಾಲ್ಕು, ಐದು, ಆರು, ಏಳು, ಎಂಟು. ಉಸಿರು ತೆಗೆದುಕೊಂಡ. ಎರಡನೇ ಸಾಲು. ಮತ್ತೆ ಎಂಟು.

ಮಕಾಮೆಗೆ ಪದ್ಯದ ಲಯ ಕೇಳಿಸಿತು. ನಲವತ್ತು ವರ್ಷ ಸೂಜಿ ಹಿಡಿದು ಕೇಳಿದ ಕಿವಿ ಅದು. ಯಾವ ಗುಳಿಯಲ್ಲಿ ಸ್ವರ ಏರುತ್ತದೆ, ಯಾವುದರಲ್ಲಿ ಇಳಿಯುತ್ತದೆ, ಸಾಲು ಎಲ್ಲಿ ಹೊರಳುತ್ತದೆ, ಎಲ್ಲವೂ ಆ ಬೆರಳಿನಲ್ಲಿತ್ತು. ಮೂರನೇ ಸಾಲು ಓಡಿತು. ನಾಲ್ಕನೆಯದು ಹತೀಬುವಿನ ಹಳೆಯ ಪದ್ಧತಿಯಂತೆ ನಿಧಾನವಾಯಿತು. ಮೂವತ್ತೆರಡನೇ ಗುಳಿಯಲ್ಲಿ ಬೆರಳು ಬಹಳ ಹೊತ್ತು ನಿಂತು, ಮೇಲೆದ್ದಿತು.

“ಮಾಶಾಲ್ಲಾ!” ಎಂದ ಮಕಾಮೆ, ಪದ್ಯ ಮುಗಿದಾಗ ಕೇಳುಗರು ಹೇಳುವಂತೆಯೇ, ಇಡೀ ತೋಟಕ್ಕೆ ಕೇಳುವಂತೆ. ಜಾರುಬಂಡೆಯ ಮೇಲಿದ್ದ ಮಕ್ಕಳು ತಿರುಗಿ ನೋಡಿದರು.

“ಏನು ಹೇಳಿದ್ರು?” ಎಂದು ಸುಬೀರಾ ಕೇಳಿದಳು.

“ಮಾತು ನಂಗೂ ಗೊತ್ತಾಗ್ಲಿಲ್ಲಮ್ಮಾ. ನಿನ್ನನ್ನ ಹೊಗಳಿದ್ದಾನೆ, ಅಷ್ಟು ಗೊತ್ತು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿ ಇಲ್ಲ.”

ಹತೀಬುವಿನ ಅರ್ಧ ಬಾಯಿ ನಕ್ಕಿತು. ಅವನು ಮಕಾಮೆಯ ಕಡೆಗೆ ಕೈ ಚಾಚಿ, ತೋಳು ಹುಡುಕಿ, ಹಿಡಿದುಕೊಂಡ.

ಮಸೀದಿಯ ಕಡೆಯಿಂದ ಮಗ್ರಿಬ್‌ನ ಅಜಾನ್‌ಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಸುಬೀರಾ ಬರಿದಾದ ಗುಳಿಗಳ ಮೇಲೆ ಬಗ್ಗಿದಳು.

“ಇನ್ನೊಂದ್ಸಲ ಹೇಳಿ ತಾತ, ನಿಧಾನಕ್ಕೆ,” ಎಂದಳು. “ಮಾತು ನಾನು ಹಾಕ್ತೀನಿ. ತಪ್ಪಿದ್ರೆ ಕೈ ಮೇಲೆ ಹೊಡೀರಿ.”

ಹತೀಬು ಮೊದಲ ಗುಳಿಯಲ್ಲಿ ಬೆರಳಿಟ್ಟು ಕಾದ.